ಒಳಲಗಾಮು ಎಳೆದರೆ ಕುದುರೆ ತಿರುಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇಲ್ಲಿನ ಬೇಸಿಗೆ ಶಿಬಿರವೊಂದರ ಚಿತ್ರ ನೋಡಿದೆ. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಎಡ ಲಗಾಮನ್ನು, ಅಂದರೆ ತಿರುಗುವ ಕಡೆಯ ಒಳಲಗಾಮನ್ನು, ತನ್ನ ತೊಡೆಯವರೆಗೆ ಎಳೆದಿದ್ದಾನೆ. ಕುದುರೆಯ ಮೂತಿ ಎಡಕ್ಕೆ ಹೊರಳಿದೆ, ಬಾಯಿ ತೆರೆದಿದೆ, ಬಲ ಭುಜ ಹೊರಕ್ಕೆ ನುಗ್ಗುತ್ತಿದೆ. ಕೆಳಗೆ ‘ಲೀಲಾಜಾಲವಾಗಿ ಕುದುರೆ ತಿರುಗಿಸುವ ಪುಟ್ಟ ಸವಾರ’ ಎಂದು ಬರೆದಿದ್ದೀರಿ. ಹುಡುಗನ ತಪ್ಪಲ್ಲ, ಅವನಿಗೆ ಕಲಿಸಿರುವುದೇ ಹಾಗೆ. ತಿರುಗಿರುವುದು ಕುತ್ತಿಗೆ ಮಾತ್ರ, ಕುದುರೆಯಲ್ಲ.

ನಾನು ಗದಗ ಜಿಲ್ಲೆಯವನು. 22 ವರ್ಷ ಸೇನೆಯಲ್ಲಿ ಕುದುರೆಗಳ ಜೊತೆ ಕಳೆದು ಈಗ ಪುಣೆಯ ವಾನವಡಿಯಲ್ಲಿ ನೆಲೆಸಿದ್ದೇನೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಡ್ರೆಸಾಜ್ (ಕುದುರೆಯನ್ನು ಲಯಬದ್ಧವಾಗಿ ನಡೆಸಿ ತೋರಿಸುವ ಸ್ಪರ್ಧೆ) ತಂಡ ಚಿನ್ನ ಗೆದ್ದಾಗಿನಿಂದ ನಮ್ಮ ಬಡಾವಣೆಯ ಎಷ್ಟೋ ತಂದೆ ತಾಯಂದಿರು ಮಕ್ಕಳನ್ನು ಕುದುರೆ ಹತ್ತಿಸಬೇಕೆಂದು ನನ್ನನ್ನು ಕೇಳುತ್ತಾರೆ. ಸಂತೋಷವೇ. ಆದರೆ ಆ ಆಟದ ಬುನಾದಿ ಒಂದು ಸರಿಯಾದ ವೃತ್ತ.

ನಮ್ಮೂರ ಕಣದಲ್ಲಿ ತೆನೆ ತುಳಿಸಲು ಎತ್ತುಗಳ ಹಂತಿ ಕಟ್ಟುವಾಗ ನಡುಗಂಬವಾದ ಮೇಟಿಯ ಮಗ್ಗುಲಿಗೆ ನಿಧಾನದ ಮುದಿ ಎತ್ತು, ಹೊರಗಡೆಗೆ ಹರೆಯದ ಎತ್ತು. ಒಳಗಿನದಕ್ಕೆ ಸಣ್ಣ ಸುತ್ತು, ಹೊರಗಿನದಕ್ಕೆ ದೊಡ್ಡದು. ವೃತ್ತದಲ್ಲಿ ನಡೆಯುವ ಕುದುರೆ ಈ ಎರಡೂ ಎತ್ತುಗಳ ಕೆಲಸವನ್ನು ಒಂದೇ ಮೈಯಲ್ಲಿ ಮಾಡಬೇಕು. ಒಳಗಡೆಯ ಹಿಂಗಾಲು ಹೊಟ್ಟೆಯಡಿಗೆ ಬಂದು ಭಾರ ಹೊರಬೇಕು. ಅದು ಶ್ರಮದ ಕೆಲಸವಾದ್ದರಿಂದ ಕುದುರೆ ನುಣುಚಿಕೊಳ್ಳುತ್ತದೆ. ಒಂದು ದಿಕ್ಕಿನ ಸುತ್ತಿನಲ್ಲಿ ಬೈಕಿನಂತೆ ಒಳಕ್ಕೆ ವಾಲುತ್ತದೆ, ಇನ್ನೊಂದು ದಿಕ್ಕಿನದರಲ್ಲಿ ಹಿಂಭಾಗವನ್ನು ಹೊರಕ್ಕೆ ಜಾರಿಸುತ್ತದೆ. ನಮಗೆ ಬಲಗೈ ರೂಢಿಯಿದ್ದಂತೆ ಅದಕ್ಕೂ ಒಂದು ಮಗ್ಗುಲು ರೂಢಿ. ವೃತ್ತದಲ್ಲೂ ಕುದುರೆ ‘ನೇರ’ ಇರಬೇಕು ಎನ್ನುತ್ತೇವೆ. ಅಂದರೆ ಹಿಂಗಾಲು ಮುಂಗಾಲಿನ ಜಾಡು ಬಿಡಬಾರದು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಒದ್ದೆ ಮರಳಿನಲ್ಲಿ ಗೂಟ ನೆಟ್ಟು, 10 ಮೀಟರ್ ಹಗ್ಗ ಕಟ್ಟಿ, ಸುಣ್ಣದಲ್ಲಿ 20 ಮೀಟರ್ ಅಡ್ಡಳತೆಯ ವೃತ್ತ ಎಳೆದೆ. ಮೊಮ್ಮಗಳು ಕಂದು ಬಣ್ಣದ ಹೆಣ್ಣುಕುದುರೆಯ ಮೇಲಿದ್ದಳು. ಮೊದಲ ಸುತ್ತು ಮೊಟ್ಟೆಯಾಕಾರವಾಯಿತು. ಇಳಿಸಿ, ಗುರುತು ತೋರಿಸಿದೆ. ಹಿಂಗೊರಸು ಮುಂಗೊರಸಿನ ಸಾಲಿನಿಂದ ನಾಲ್ಕು ಬೆರಳು ಆಚೆ ಬಿದ್ದಿತ್ತು.

“ಒಳಲಗಾಮು ಸಡಿಲಿಸು. ನಿನ್ನ ಒಳಗಡೆಯ ಕಾಲು ಹೊಟ್ಟೆಪಟ್ಟಿಯ ಬಳಿ ಒತ್ತಲಿ, ಹೊರಗಡೆಯದು ನಾಲ್ಕು ಬೆರಳು ಹಿಂದಿರಲಿ. ಹೊರಲಗಾಮು ಬಿಗಿಯೂ ಬೇಡ, ಜೋಲೂ ಬೇಡ. ಭುಜ ಆಚೆ ಹೋಗದಂತೆ ಕಾದರೆ ಸಾಕು. ಕುದುರೆಯ ಕಿವಿ ನೋಡಬೇಡ, ವೃತ್ತದ ಕಾಲುಭಾಗದಷ್ಟು ಮುಂದೆ ನೋಡು” ಎಂದೆ.

“ಅಜ್ಜಾ, ಬಿಟ್ಟರೆ ಹೊರಗೆ ಓಡುತ್ತಾಳೆ!”

ಓಡಲಿಲ್ಲ. ಐದನೆಯ ಸುತ್ತಿಗೆ ಕುದುರೆ ಮೂಗಿನಿಂದ ಉಸಿರು ಬಿಟ್ಟು ಕುತ್ತಿಗೆ ಇಳಿಸಿ ಕಡಿವಾಣ ಚಪ್ಪರಿಸತೊಡಗಿತು. ಹುಡುಗಿ ಒಳಗೈಯನ್ನು ಮೂರು ಹೆಜ್ಜೆಯಷ್ಟು ಹೊತ್ತು ಅಯಾಲಿನತ್ತ ಚಾಚಿದಳು; ಲಗಾಮು ಜೋತುಬಿದ್ದರೂ ಕುದುರೆ ಸುಣ್ಣದ ಗೆರೆ ಬಿಡಲಿಲ್ಲ. ಸಮತೋಲಕ್ಕೆ ಇದಕ್ಕಿಂತ ಖಚಿತ ಪರೀಕ್ಷೆ ನನಗೆ ಗೊತ್ತಿಲ್ಲ.

ಶಿಬಿರಗಳ ಬಾಡಿಗೆ ಕುದುರೆಗಳು ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಸುತ್ತುವುದನ್ನು ಕಂಡಾಗ ನನ್ನ ಕರುಳು ಚುರುಗುಟ್ಟುತ್ತದೆ. ಲಾಳ ಕಟ್ಟುವವನು ಈಚೆಗೆ ಅಂಥದೊಂದರ ಲಾಳ ಬಿಚ್ಚಿ ನನ್ನ ಕೈಯಲ್ಲಿಟ್ಟ. ಒಂದು ಅಂಚು ಅರ್ಧ ಸವೆದಿತ್ತು, ಇನ್ನೊಂದು ದಪ್ಪಗೇ ಇತ್ತು. ಗೊರಸಿನ ಆಕಾರದಿಂದಲೂ ಹೀಗೆ ಸವೆಯುತ್ತದೆ, ನಿಜ. ಆದರೆ ಆ ಕುದುರೆಗೆ ವರ್ಷವಿಡೀ ಎಡಸುತ್ತೇ ಎಂದು ಅವನೇ ಹೇಳಿದ. ನಾಲ್ಕಾರು ಸುತ್ತಿಗೊಮ್ಮೆ ದಿಕ್ಕು ಬದಲಿಸುವುದಕ್ಕೆ ಯಾರಿಗೂ ಖರ್ಚಿಲ್ಲ. ಮಕ್ಕಳನ್ನು ಸೇರಿಸುವ ಮುನ್ನ ತಂದೆ ತಾಯಂದಿರು ಇದೊಂದನ್ನು ನಿಂತು ನೋಡಬೇಕು. ಗಟ್ಟಿ ನೆಲದಲ್ಲಿ ಚಿಕ್ಕ ಚಿಕ್ಕ ಸುತ್ತು ಹಾಕಿಸುವ ಕಡೆ ಸೇರಿಸಲೇಬಾರದು.

ಆ ಚಿತ್ರದ ಜಾಗದಲ್ಲಿ ಇನ್ನೊಂದು ಚಿತ್ರ ಅಚ್ಚಾಗಬೇಕೆಂಬುದು ನನ್ನ ಕೋರಿಕೆ. ನಿಮ್ಮ ಛಾಯಾಗ್ರಾಹಕರು ಯಾವ ದಿನವಾದರೂ ಬೆಳಿಗ್ಗೆ ಆರೂವರೆಗೆ ಬರಲಿ. ಸುಣ್ಣದ ಗೆರೆ ಎಳೆದಿಟ್ಟಿರುತ್ತೇನೆ.

— ನಿವೃತ್ತ ಕುದುರೆ ಸವಾರಿ ತರಬೇತುದಾರ, ವಾನವಡಿ, ಪುಣೆ