ಗ್ಲಾಸ್ಟರ್‌ನಲ್ಲಿ ಕಂಡ ತಾಂಡೇಲ

ಮಾರಾಯ,

ಮೊನ್ನೆ ಗ್ಲಾಸ್ಟರಿನ ಸಮುದ್ರದ ಬದಿಯಲ್ಲಿ ನಿನ್ನ ಅಪ್ಪ ಸಿಕ್ಕಿದ್ದರು. ಕಂಚಿನವರು, 8 ಅಡಿ ಎತ್ತರ!

ಅಮೆರಿಕದ ಬಾಸ್ಟನ್ನಿನಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಸಿಗುವ ಮೀನುಗಾರರ ಊರು ಅದು. ಊರಿಗೆ 300 ವರ್ಷ ತುಂಬಿದ ನೆನಪಿಗೆ ಲೆನರ್ಡ್ ಕ್ರಾಸ್ಕ್ ಎಂಬ ಶಿಲ್ಪಿ ಮಾಡಿದ ಪ್ರತಿಮೆ, 1925ರಿಂದ ನಿಂತಿದೆ. ಮಳೆಯಂಗಿ, ಟೊಪ್ಪಿ ಹಾಕಿಕೊಂಡವ ಎರಡೂ ಕೈಯಲ್ಲಿ ಚುಕ್ಕಾಣಿಯ ಚಕ್ರ ಹಿಡಿದಿದ್ದಾನೆ. ಕಾಲಡಿಯ ಹಲಗೆ ಓರೆ, ಅದಕ್ಕೆ ತಕ್ಕಂತೆ ಮೈ ಬಿಗಿ. ನೋಡುವವರ ಪರಿವೆಯೇ ಇಲ್ಲ ಅವನಿಗೆ. ಬೋಟು ನಡೆಸುವ ತಾಂಡೇಲನಾಗಿ, ಗಾಳಿ ಎದ್ದಾಗ ಅಪ್ಪ ನಿಲ್ಲುತ್ತಿದ್ದದ್ದು ಹೀಗೇ ಅಲ್ಲವಾ? ಒಂದೇ ಸಲ ಅವರ ಬೋಟು ಹತ್ತಿ ದಿನವಿಡೀ ವಾಂತಿ ಮಾಡಿದ ನನಗೂ ಗುರುತು ಸಿಕ್ಕಿತು.

ಹತ್ತಿರದ ಫಲಕಗಳಲ್ಲಿ ಸಮುದ್ರಪಾಲಾದವರ ಹೆಸರು, ಐದು ಸಾವಿರಕ್ಕೂ ಮಿಕ್ಕಿ. 1879 ಒಂದೇ ವರ್ಷ 249 ಜನ. ಆ ಕಾಲದಲ್ಲಿ ಹಾಯಿಹಡಗಿನಿಂದ ಸಣ್ಣ ದೋಣಿ ಇಳಿಸಿ, ಹುಟ್ಟು ಹಾಕುತ್ತಾ ಗಾಳ ಬಿಡಲು ದೂರ ಹೋಗುತ್ತಿದ್ದರು. ಮಂಜು ಕವಿದರೆ ಹಡಗು ಯಾವ ದಿಕ್ಕಿಗೆ ಅಂತ ಹುಡುಕುವುದು?

ಆದರೆ ಈ ಹೆಸರುಗಳು ಬಂದದ್ದು 2000ದಲ್ಲಿ. ಅಲ್ಲಿಯವರೆಗೆ ಅವನೊಬ್ಬನೇ ನಿಂತಿದ್ದ. ಮರುವರ್ಷ ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಮೀನುಗಾರರ ಹೆಂಡಂದಿರ ಸಂಘ ಒಬ್ಬ ಹೆಂಗಸನ್ನು ನಿಲ್ಲಿಸಿತು, ಎರಡು ಮಕ್ಕಳೊಂದಿಗೆ, ಸಮುದ್ರ ನೋಡುತ್ತಾ. ಶಿಲ್ಪ ಅಂತ ನೋಡಿದರೆ ನನಗೆ ಗಂಡಸಿನದ್ದೇ ಮೇಲು. ಆದರೂ ಹೆಚ್ಚು ಹೊತ್ತು ನಿಂತದ್ದು ಇವಳ ಹತ್ತಿರ. ನಮ್ಮ ಮಲ್ಪೆಯಲ್ಲಾದರೆ ಹೀಗೆ ಸುಮ್ಮನೆ ಕಾಯುವವಳನ್ನು ಮಾಡಿದರೆ ನಿನ್ನ ಅಮ್ಮ ಒಪ್ಪಲಿಕ್ಕಿಲ್ಲ. ತಲೆ ಮೇಲೆ ಬಂಗುಡೆ ಬುಟ್ಟಿ ಎಲ್ಲಿ ಅಂತ ಕೇಳಿಯಾರು.

ಅಲ್ಲಿ ನಿಂತಾಗ ಸುವರ್ಣ ತ್ರಿಭುಜ ಬೋಟಿನ 7 ಮಂದಿ ನೆನಪಾದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟವರು. ಮರುವರ್ಷ ಮೇ ತಿಂಗಳಲ್ಲಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು, ಅವರು ಸಿಗಲಿಲ್ಲ. ಅವರ ಹೆಸರನ್ನು ಬಂದರಿನಲ್ಲಿ ಎಲ್ಲಾದರೂ ಬರೆಸಿದ್ದಾರಾ? ಧಕ್ಕೆ ಕಡೆ ಹೋದಾಗ ನೋಡಿ ಹೇಳು.

ಫೋಟೋ ಕಳಿಸಿದ್ದೇನೆ. ಚಕ್ರ ಹಿಡಿದ ಕೈ ಸರಿ ಇದೆಯಾ ಅಂತ ಅಪ್ಪನನ್ನು ಕೇಳು. ತಪ್ಪು ಹುಡುಕದೆ ಬಿಡುವವರಲ್ಲ ಅವರು. ಮಳೆಗಾಲದ ರಜೆ ಮುಗಿದು ಬೋಟು ಇಳಿಯಿತಾ?

ನಿನ್ನವ