ಸೀಟು ಹೋಗಿಲ್ಲ ಅಪ್ಪಾ

ಡಬ್ಲಿನ್, ಭಾನುವಾರ

ಅಪ್ಪನಿಗೆ ನಮಸ್ಕಾರ. ಇಲ್ಲಿ ಕ್ಷೇಮ. ಅಲ್ಲೂ ಹಾಗೇ ಅಂದುಕೊಂಡಿದ್ದೆ, ಅಮ್ಮನ ಮೆಸೇಜ್ ಬರುವ ತನಕ.

ಮೊದಲು ನಿಮ್ಮ ಗಾಬರಿಗೆ ಉತ್ತರ. ಅವತ್ತು ಮೀಟಿಂಗಿನಲ್ಲಿ ಕಂಪ್ಯೂಟರ್ ಕೈಕೊಟ್ಟಿತು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅರ್ಧ ಗಂಟೆ ಮಾತಾಡಿ ಹೇಗೋ ದಡ ಸೇರಿದೆ. ಮ್ಯಾನೇಜರ್ ನಕ್ಕು ‘ಫ್ಲೈಯಿಂಗ್ ಬೈ ದ ಸೀಟ್ ಆಫ್ ಯುವರ್ ಪ್ಯಾಂಟ್ಸ್’ ಅಂದರು. ಅದನ್ನು ಫೋನಿನಲ್ಲಿ ಹೇಳಿದ್ದೇ ನನ್ನ ತಪ್ಪು. ನೀವು ಡಿಕ್ಷನರಿ ಹಿಡಿದು ಹಾರು, ಸೀಟು, ಪ್ಯಾಂಟು ಅಂತ ಕೂಡಿಸಿ, ಮಗನನ್ನು ಸೀಟಿನಿಂದ ಹಾರಿಸಿದರು, ಕೆಲಸ ಹೋಯಿತು ಅಂತ ತೀರ್ಮಾನ ಮಾಡಿಬಿಟ್ಟಿರಿ. (ಇಲ್ಲಿ ಎಷ್ಟೋ ಜನರಿಗೆ ಪ್ಯಾಂಟ್ಸ್ ಅಂದರೆ ಒಳಚಡ್ಡಿ. ನಾನೂ ಒಂದು ಗಳಿಗೆ ಬೆಚ್ಚಿದೆ.)

ಅದು ವಿಮಾನದವರ ಮಾತು. ಸೀಟ್ ಅಂದರೆ ಪ್ಯಾಂಟಿನ ಕೂರುವ ಭಾಗ. ಹಿಂದೆ ವಿಮಾನಗಳಲ್ಲಿ ಮೀಟರುಗಳು ಜಾಸ್ತಿ ಇರಲಿಲ್ಲ. ವಾಲಿತಾ, ಏರಿತಾ ಅನ್ನೋದು ಪೈಲಟ್ಟಿಗೆ ಕೂತ ಜಾಗದಲ್ಲೇ ಗೊತ್ತಾಗಬೇಕಿತ್ತು. ಒಟ್ಟಿನಲ್ಲಿ ಕೈ ಅಂದಾಜು, ಅಮ್ಮ ಹುಳಿಗೆ ಉಪ್ಪು ಹಾಕಿದ ಹಾಗೆ. ಹೊಗಳುವುದಕ್ಕೂ ಹೇಳುತ್ತಾರೆ, ತಯಾರಿ ಇಲ್ಲದೆ ಬಂದೆಯಲ್ಲ ಅಂತ ಚುಚ್ಚುವುದಕ್ಕೂ ಹೇಳುತ್ತಾರೆ. ನನಗೆ ಅಂದದ್ದು ಹೊಗಳಿಕೆಯೇ, ಮುಕ್ಕಾಲು ಪಾಲು.

1938ರಲ್ಲಿ ಡಗ್ಲಸ್ ಕಾರಿಗನ್ ಅನ್ನುವ ಅಮೆರಿಕದವನು ಹಳೇ ವಿಮಾನದಲ್ಲಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಅಂತ ಹೇಳಿ ಹೊರಟು, 28 ಗಂಟೆ ಹಾರಿ, ಇಳಿದದ್ದು ಎಲ್ಲಿ ಗೊತ್ತಾ? ನಮ್ಮ ಡಬ್ಲಿನ್ ಪಕ್ಕದ ಬಾಲ್ಡೊನಲ್‌ನಲ್ಲಿ! ದಿಕ್ಸೂಚಿ ತಪ್ಪಾಗಿ ನೋಡಿದೆ ಅಂದನಂತೆ. ಐರ್ಲೆಂಡಿಗೆ ಹಾರಲು ಮೊದಲೇ ಪರ್ಮಿಷನ್ ಕೇಳಿ ಇಲ್ಲ ಅನ್ನಿಸಿಕೊಂಡಿದ್ದವನು, ಯಾರು ನಂಬುತ್ತಾರೆ? ಪೇಪರಿನವರು ಅವನಿಗೂ ಇದೇ ಮಾತು ಅಂದರು.

ಆದರೆ ಮೋಡದೊಳಗೆ ಹೊಕ್ಕರೆ ಈ ಅಂದಾಜು ನಡೆಯುವುದಿಲ್ಲ ಅಪ್ಪಾ. ವಿಮಾನ ತಿರುಗುತ್ತಾ ಕೆಳಗೆ ಇಳಿಯುತ್ತಿದ್ದರೂ ಮೈಗೆ ನೆಟ್ಟಗೆ ಹೋಗುತ್ತಿರೋ ಹಾಗೇ ಅನ್ನಿಸುತ್ತದೆ. ಮೀಟರ್ ನಂಬದೆ ಮೈ ನಂಬಿದವರು ಎಷ್ಟೋ ಜನ ಬಿದ್ದು ಸತ್ತಿದ್ದಾರೆ.

ಅಮ್ಮ ಎಲ್ಲ ಬರೆದಿದ್ದಾಳೆ. ಎರಡು ತಿಂಗಳಿಂದ ಶುಗರ್ ಚೆಕ್ ಮಾಡಿಲ್ಲವಂತೆ. ‘ನನ್ನ ಮೈ ನನಗೆ ಗೊತ್ತಾಗಲ್ವಾ’ ಅಂತ ಮಾತ್ರೆ ಅರ್ಧ ಮುರಿದು ನುಂಗುತ್ತೀರಂತೆ. ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ತಟ್ಟೆ ಇಡ್ಲಿ, ಅದೂ ಮೂರು! ಶುಗರ್ ಏರಿದ್ದು ಎಷ್ಟೋ ಸಲ ಮೈಗೆ ತಿಳಿಯುವುದೇ ಇಲ್ಲ. ನಾನು ಕಳಿಸಿದ ಮಿಷನ್ ಬೀರುವಿನಲ್ಲಿ ಡಬ್ಬಿ ಸಮೇತ ಕೂತಿದೆಯಂತೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ, ನಂಬರಿನ ಫೋಟೋ ಕಳಿಸಿ. ಡಾಕ್ಟರು ಹೇಳದೆ ಮಾತ್ರೆ ಮುರಿಯಬೇಡಿ. ಮಿಷನ್ನಿಗೆ ಹಾಕುವ ಸ್ಟ್ರಿಪ್ಪಿನ ದುಡ್ಡು ನನ್ನದು.

ನನ್ನ ಕೆಲಸ ಹೋಗಿಲ್ಲ, ಹೋಗುವುದೂ ಇಲ್ಲ, ಸಂಬಳ ಬಂದಿದೆ, ಸ್ವೆಟರ್ ಹಾಕಿಕೊಂಡಿದ್ದೇನೆ, ಎರಡು ಹೊತ್ತೂ ಅನ್ನ ಮಾಡಿಕೊಳ್ಳುತ್ತೇನೆ, ಕೆಮ್ಮು ಅಂಥಾದ್ದೇನಿಲ್ಲ. ಬಸ್ಸಿಗೆ ಹೊತ್ತಾಯಿತು. ಫೋಟೋ ಮರೆಯಬೇಡಿ.

ನಿಮ್ಮ ಮಗ