ಐದು ಗೋದಾಮುಗಳು ಮೂರಾಗುತ್ತಿವೆ: ನಿಮ್ಮ ಆರ್ಡರ್ ಇನ್ನು ಎಲ್ಲಿಂದ ಬರುತ್ತದೆ

ಪ್ರಿಯ ಗ್ರಾಹಕರೇ, ಸದಸ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತ್ರೈಮಾಸಿಕದಲ್ಲಿ ನಮ್ಮ ಸಹಕಾರ ಸಂಘದ ಐದು ಗೋದಾಮುಗಳ ಪೈಕಿ ಎರಡನ್ನು ಮುಚ್ಚುತ್ತಿದ್ದೇವೆ. ನಿಮ್ಮ ಬಿಲ್ಲಿನ ಮೇಲ್ತುದಿಯಲ್ಲಿ ಗೋದಾಮಿನ ಸಂಖ್ಯೆ ಇರುತ್ತದೆ. ಅದು 1, 3 ಅಥವಾ 4 ಆಗಿದ್ದರೆ ನಿಮಗೆ ಹೆಚ್ಚಿನ ವ್ಯತ್ಯಾಸ ಕಾಣಲಿಕ್ಕಿಲ್ಲ. 2 ಅಥವಾ 5 ಆಗಿದ್ದರೆ ದಯವಿಟ್ಟು ಈ ಪತ್ರವನ್ನು ಕೊನೆತನಕ ಓದಿ. ನಿಮ್ಮಲ್ಲಿ ಕೆಲವರಿಗೆ ಅದೇ ದಿನ ಸಂಜೆ ಕೈಸೇರುತ್ತಿದ್ದ ಬಿಡಿಭಾಗ ಇನ್ನು ಮರುದಿನ ಬೆಳಿಗ್ಗೆ ಬರುತ್ತದೆ. ಇದಕ್ಕೆ "ಸೇವೆಯ ಉನ್ನತೀಕರಣ" ಎಂದು ಹೆಸರಿಡುವ ಧೈರ್ಯ ನಮಗಿಲ್ಲ. ಕೆಲವರಿಗೆ ಲಾಭ, ಕೆಲವರಿಗೆ ತುಸು ತೊಂದರೆ. ಯಾರಿಗೆ ಏನು, ಯಾಕೆ ಎಂದು ಹೇಳುವುದು ನಮ್ಮ ಕರ್ತವ್ಯ.

ಐದು ಗೋದಾಮುಗಳು ಯಾವತ್ತೂ ಒಂದು ಯೋಜನೆಯಿಂದ ಹುಟ್ಟಿದವಲ್ಲ. ಒಂದು ಬಾಡಿಗೆ ಕಡಿಮೆಯೆಂದು ಬಂತು, ಇನ್ನೊಂದು ದೊಡ್ಡ ಗ್ರಾಹಕರೊಬ್ಬರ ಪಕ್ಕದಲ್ಲಿರಲೆಂದು ಬಂತು. ಆ ಗ್ರಾಹಕರು ಬೇರೆಡೆಗೆ ಹೋದರು, ಗೋದಾಮು ಮಾತ್ರ ಅಲ್ಲೇ ಉಳಿಯಿತು. ಪ್ರತಿಯೊಂದಕ್ಕೂ ಬೀಗ, ಕಾವಲು, ವಿಮೆ, ಎಣಿಕೆ. ಬರಬರುತ್ತ ಮೂಗಿಗಿಂತ ಮೂಗುತಿ ಭಾರವಾಯಿತು.

ಖರ್ಚಿಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಬೇರೆ. ಹೋದ ವರ್ಷ ಸದಸ್ಯರೊಬ್ಬರ ಪಂಪು ಒಂದು ಸೀಲ್ ಇಲ್ಲದೆ ನಿಂತುಬಿಟ್ಟಿತು. ನಮ್ಮ ಕೌಂಟರಿನಲ್ಲಿ "ಸ್ಟಾಕ್ ಇಲ್ಲ" ಎಂದೆವು. ಅವರು ಎರಡು ದಿನ ಅಲೆದು ಹೊರಗೆಲ್ಲೋ ತಂದುಕೊಂಡರು. ಅದೇ ವಾರಾಂತ್ಯದ ಎಣಿಕೆಯಲ್ಲಿ ಅದೇ ಅಳತೆಯ ಹನ್ನೊಂದು ಸೀಲುಗಳು ನಮ್ಮದೇ ಇನ್ನೊಂದು ಗೋದಾಮಿನಲ್ಲಿ ಧೂಳು ಹಿಡಿದು ಕೂತಿದ್ದವು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ. ಸರಕು ಐದು ಕಡೆ ಹಂಚಿಹೋದಾಗ ಒಟ್ಟು ದಾಸ್ತಾನು ಬೇಕಾದಷ್ಟಿರುತ್ತದೆ, ಬೇಕಾದ ಕಡೆ ಇರುವುದಿಲ್ಲ. ಆ ಸೀಲಿನ ಘಟನೆಯ ನಂತರವೇ ನಾವು ಇಡೀ ಸರಬರಾಜು ಜಾಲವನ್ನು ಬಿಚ್ಚಿ ನೋಡಲು ಕೂತಿದ್ದು.

ಕೆಲಸ ಎಂಟು ತಿಂಗಳು ಹಿಡಿಯಿತು. ಗಣಿತಕ್ಕೆ ಹೋದದ್ದು ಅದರಲ್ಲಿ ಸಣ್ಣ ಪಾಲು. ಅರ್ಧಕ್ಕೂ ಹೆಚ್ಚು ಕಾಲ ನಮ್ಮದೇ ಲೆಕ್ಕಪುಸ್ತಕದ ಕಸ ಗುಡಿಸುವುದಕ್ಕೆ ಹೋಯಿತು. ಒಂದು ಉದಾಹರಣೆ: ಬೇಡಿಕೆಯನ್ನು ನಕ್ಷೆಯ ಮೇಲೆ ಹಾಕಿದಾಗ ಒಂದು ಚುಕ್ಕೆ ಉಳಿದೆಲ್ಲವನ್ನೂ ನುಂಗುವಷ್ಟು ದೊಡ್ಡದಾಗಿ ಕಂಡಿತು. ಅಲ್ಲೇ ಗೋದಾಮು ಇರಬೇಕು ಎಂದು ನಮ್ಮಲ್ಲಿ ಇಬ್ಬರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಲಾರಿ ಚಾಲಕರೊಬ್ಬರು ನಕ್ಷೆ ನೋಡಿ ನಕ್ಕರು: "ಅಲ್ಲಿ ನಾನು ಒಂದು ಡಬ್ಬವನ್ನೂ ಇಳಿಸಿಲ್ಲ." ಹೌದು, ಅದು ಹಲವು ಘಟಕಗಳಿರುವ ಗ್ರಾಹಕರೊಬ್ಬರ ಕಚೇರಿ, ಬಿಲ್ಲು ಹೋಗುವ ವಿಳಾಸ. ಸರಕು ಇಳಿಯುವ ಜಾಗಗಳು ಬೇರೆ ಆರು ಕಡೆ ಇದ್ದವು. ಬಿಲ್ಲಿನ ವಿಳಾಸ ಮತ್ತು ಇಳಿಸುವ ವಿಳಾಸ ಇವೆರಡನ್ನು ಬೇರ್ಪಡಿಸುವುದಕ್ಕೇ ನಮಗೆ ಐದು ವಾರ ಬೇಕಾಯಿತು. ಆಗ ಫೋನಿನ ಮೇಲೆ ಫೋನು ಮಾಡಿ ನಿಮ್ಮನ್ನು ಕಾಡಿದ್ದಕ್ಕೆ ಕ್ಷಮೆ ಇರಲಿ.

ತೂಕದ ಕಥೆಯೂ ಹಾಗೆಯೇ. ನಮ್ಮ ದಾಖಲೆಯಲ್ಲಿ ಎಲ್ಲವೂ ಕಿಲೋಗ್ರಾಂ. ಬೇರಿಂಗಿಗೆ ಅದು ಸರಿ. ಆದರೆ ಗ್ಯಾಸ್ಕೆಟ್ ಶೀಟು, ಫಿಲ್ಟರುಗಳು ಹಗುರ, ಲಾರಿ ತುಂಬುವುದು ಅವುಗಳ ಗಾತ್ರದಿಂದ. ತೂಕವನ್ನಷ್ಟೇ ನಂಬಿದ್ದರೆ ಅರ್ಧ ಖಾಲಿ ಎಂದು ಲೆಕ್ಕ ತೋರಿಸುವ ಲಾರಿಯ ಬಾಗಿಲೇ ಮುಚ್ಚುತ್ತಿರಲಿಲ್ಲ. ಇನ್ನೊಂದು ಕೊರತೆಯನ್ನು ಪೂರ್ತಿ ತುಂಬಲು ಆಗಲೇ ಇಲ್ಲ. ನಮ್ಮ ಪುಸ್ತಕದಲ್ಲಿ ಇರುವುದು ನಾವು ಕಳಿಸಿದ್ದರ ಲೆಕ್ಕ, ನೀವು ಕೇಳಿದ್ದರ ಲೆಕ್ಕವಲ್ಲ. "ಇಲ್ಲ" ಎಂದು ವಾಪಸು ಕಳಿಸಿದ ಆ ಸೀಲಿನ ಬೇಡಿಕೆ ಎಲ್ಲೂ ದಾಖಲಾಗಿಲ್ಲ. ಈಗ ಕೌಂಟರಿನಲ್ಲಿ ಅದಕ್ಕೆಂದೇ ಒಂದು ವಹಿ ಇಟ್ಟಿದ್ದೇವೆ.

ಲೆಕ್ಕ ಸ್ವಚ್ಛವಾದ ಮೇಲೂ ಉತ್ತರ ಹುಡುಕಲು ಧಾವಿಸಲಿಲ್ಲ. ಮೊದಲು ಹೋದ ವರ್ಷ ನಡೆದದ್ದನ್ನು ನಡೆದ ಹಾಗೆಯೇ ಮಾಡೆಲಿನೊಳಗೆ, ಅಂದರೆ ನಮ್ಮ ಜಾಲದ ಖರ್ಚನ್ನು ಲೆಕ್ಕ ಹಾಕುವ ಕಂಪ್ಯೂಟರಿನ ಗಣಿತದ ನಮೂನೆಯೊಳಗೆ ಹಾಕಿ, ಅದು ಹೇಳುವ ಖರ್ಚು ನಮ್ಮ ಖರ್ಚಿನ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿದೆವು. ಇದನ್ನು ಬೇಸ್‌ಲೈನ್ ಎನ್ನುತ್ತಾರೆ. ನಡೆದುಹೋದದ್ದನ್ನೇ ಸರಿಯಾಗಿ ಹೇಳಲಾರದ ಮಾಡೆಲ್ ನಡೆಯಬೇಕಾದದ್ದನ್ನು ಹೇಳಿದರೆ ಯಾರು ನಂಬಬೇಕು? ಮೊದಲ ಸಲ ಅದು ತೋರಿಸಿದ ಸಾಗಾಟದ ಖರ್ಚು ನಿಜಕ್ಕಿಂತ ತೀರಾ ಕಡಿಮೆ ಬಂತು. ತಪ್ಪು ಎರಡು ಕಡೆ ಇತ್ತು. ದೂರವನ್ನು ನಕ್ಷೆಯ ಮೇಲೆ ಸ್ಕೇಲು ಇಟ್ಟಂತೆ ನೇರವಾಗಿ ಅಳೆದಿದ್ದೆವು, ರಸ್ತೆ ಹಾಗೆ ಹೋಗುವುದಿಲ್ಲ. ಖಾಲಿ ವಾಪಸು ಬರುವ ಲಾರಿಯೂ ಡೀಸೆಲ್ ಕುಡಿಯುತ್ತದೆ, ಅದನ್ನೂ ಮರೆತಿದ್ದೆವು. ಇವೆರಡನ್ನು ಸರಿಪಡಿಸಿದ ಮೇಲೆ ಎರಡು ಲೆಕ್ಕಗಳೂ ಹತ್ತಿರ ಬಂದವು. ಹೊರಗಿನವರಿಗೆ ಇದು ವೃಥಾ ಕಸರತ್ತಿನಂತೆ ಕಾಣಬಹುದು. ನನ್ನನ್ನು ಕೇಳಿದರೆ ಎಂಟು ತಿಂಗಳಲ್ಲಿ ಅತಿ ಹೆಚ್ಚು ಬೆಲೆಬಾಳಿದ್ದು ಈ ಮೂರು ವಾರ.

ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು "ಕಂಪ್ಯೂಟರ್ ಹೇಳಿತು ಅಂತ ಗೋದಾಮು ಮುಚ್ಚುತ್ತೀರಾ?" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಈ ಲೆಕ್ಕ ಹೊಸ ಮಾಯೆಯೇನಲ್ಲ. ಹಲವು ಮೂಲಗಳಿಂದ ಹಲವು ಊರುಗಳಿಗೆ ಕಡಿಮೆ ಖರ್ಚಿನಲ್ಲಿ ಸರಕು ಹಂಚುವುದು ಹೇಗೆ ಎಂಬ ಸಮಸ್ಯೆಯನ್ನು ಫ್ರಾಂಕ್ ಹಿಚ್‌ಕಾಕ್ 1941ರಲ್ಲೇ ಗಣಿತವಾಗಿ ಬರೆದಿದ್ದರು. ಅಂಥ ಸಮಸ್ಯೆಗಳನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನವನ್ನು ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದರು. ಕಷ್ಟ ಇರುವುದು "ಎಷ್ಟು ಕಳಿಸಬೇಕು" ಎಂಬಲ್ಲಿ ಅಲ್ಲ, "ಇಲ್ಲಿ ಗೋದಾಮು ಇರಲೋ ಬೇಡವೋ" ಎಂಬಲ್ಲಿ. ಅರ್ಧ ಗೋದಾಮು ತೆರೆಯಲು ಬರುವುದಿಲ್ಲವಲ್ಲ. ನಮ್ಮ ಐದು ಹಳೆಯ ಜಾಗಗಳ ಜೊತೆ ಏಳು ಹೊಸ ಜಾಗಗಳನ್ನು ಪಟ್ಟಿ ಮಾಡಿದ್ದೆವು. ಹನ್ನೆರಡರಲ್ಲಿ ಯಾವುದು ಇರಬೇಕು, ಯಾವುದು ಬೇಡ ಎಂಬುದಕ್ಕೆ 4,096 ಜೋಡಣೆಗಳಿವೆ. ಅಷ್ಟನ್ನು ಕೈಯಲ್ಲಿ ಕೂಡಿ ಕಳೆಯಲು ಆಗದು, ಕಂಪ್ಯೂಟರಿಗೆ ಆಗುತ್ತದೆ. ಅದರ ಪಾತ್ರ ಅಷ್ಟೇ. ಯಾವ ಏಳು ಜಾಗ ಪಟ್ಟಿಗೆ ಬರಬೇಕು ಎಂದು ಹೇಳಿದವರು ಚಾಲಕರು ಮತ್ತು ಕೌಂಟರಿನವರು. ಬೇಡಿಕೆಯ ಸರಾಸರಿ ತೆಗೆದು "ಗುರುತ್ವ ಕೇಂದ್ರ" ಹುಡುಕುವ ಸುಲಭ ಸೂತ್ರವೊಂದಿದೆ. ಅದನ್ನೂ ಪ್ರಯತ್ನಿಸಿದೆವು. ಅದು ಬೆರಳು ತೋರಿದ ಜಾಗಕ್ಕೆ ಲಾರಿ ಹೋಗುವ ರಸ್ತೆಯೇ ಇರಲಿಲ್ಲ.

ಈಗ ದಾಸ್ತಾನಿನ ವಿಚಾರ. ಪ್ರತಿ ಗೋದಾಮೂ ಅನಿರೀಕ್ಷಿತ ಬೇಡಿಕೆಗೆಂದು ಸ್ವಲ್ಪ ಸರಕನ್ನು ಆಪತ್ಕಾಲಕ್ಕೆ ಎತ್ತಿಡುತ್ತದೆ. ಒಂದು ಕಡೆ ಬೇಡಿಕೆ ಏರಿದಾಗ ಇನ್ನೊಂದು ಕಡೆ ಇಳಿದಿರಬಹುದು. ಸರಕು ಒಂದೇ ಕಡೆ ಇದ್ದರೆ ಈ ಏರಿಳಿತ ಒಂದನ್ನೊಂದು ಸರಿದೂಗಿಸುತ್ತದೆ, ಬೇರೆ ಬೇರೆ ಇದ್ದರೆ ಇಲ್ಲ. ಆದ್ದರಿಂದ ಕಡಿಮೆ ಗೋದಾಮು ಇದ್ದರೆ ಕಡಿಮೆ ಮೀಸಲು ಸಾಕು. ಎಷ್ಟು ಕಡಿಮೆ? ಗೋದಾಮುಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಎನ್ನುವುದು ಹಳೆಯ ಸೂತ್ರ. ಐದು ಮೂರಾದರೆ, ಮೊದಲು 100 ಇಡುತ್ತಿದ್ದ ಕಡೆ ಸುಮಾರು 77 ಸಾಕು. ಆದರೆ ಪ್ರದೇಶಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ ಮಾತ್ರ ಈ ಸೂತ್ರ ನಡೆಯುತ್ತದೆ. ನಿಮ್ಮ ಯಂತ್ರಗಳು ಹಾಗಿಲ್ಲ. ಋತು ಬಂತೆಂದರೆ ಎಲ್ಲರೂ ಒಟ್ಟಿಗೆ ಬೆಲ್ಟು ಕೇಳುತ್ತೀರಿ. ಹಾಗಾಗಿ 77ಕ್ಕೆ ಇಳಿಸುತ್ತಿಲ್ಲ, ಬೆಲ್ಟು ಮತ್ತು ವಾಲ್ವುಗಳ ಮೀಸಲನ್ನು ಬಹುತೇಕ ಮೊದಲಿನಷ್ಟೇ ಇಟ್ಟುಕೊಂಡಿದ್ದೇವೆ. ಅಪರೂಪಕ್ಕೆ ಬಿಕರಿಯಾಗುವ ಸರಕಿನಲ್ಲಿ ಲಾಭ ನಿಜಕ್ಕೂ ಇದೆ. ಅವೆಲ್ಲ ಇನ್ನು ಗೋದಾಮು 3ರಲ್ಲಿ ಒಂದೇ ಕಡೆ ಇರುತ್ತವೆ. ಆ ಹನ್ನೊಂದು ಸೀಲುಗಳೂ ಅಲ್ಲಿಗೇ ಹೋಗಿವೆ.

ಮಾಡೆಲ್ ಕೊಟ್ಟ ಅತಿ ಅಗ್ಗದ ಉತ್ತರ ಮೂರಲ್ಲ, ಎರಡು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಗೋದಾಮುಗಳ ಸಂಖ್ಯೆಗೆ ತಕ್ಕಂತೆ ಒಟ್ಟು ಖರ್ಚಿನ ಗೆರೆ ಎಳೆದರೆ ಅದು ತಳದಲ್ಲಿ ಬಾವಿಯಂತೆ ಕಿರಿದಾಗಿರುವುದಿಲ್ಲ, ಅಗಲವಾದ ತಟ್ಟೆಯಂತೆ ಇರುತ್ತದೆ. ಎರಡಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸ ಅಲ್ಪ. ಆ ಅಲ್ಪ ಉಳಿತಾಯಕ್ಕೆ ನೀವು ಕಾಯುವ ಗಂಟೆಗಳು ಎಷ್ಟು ಹೆಚ್ಚುತ್ತವೆ ಎಂದು ನೋಡಿದರೆ ವ್ಯತ್ಯಾಸ ಅಲ್ಪವಾಗಿರಲಿಲ್ಲ. ನಿಂತ ಯಂತ್ರದ ನಷ್ಟ ನಿಮ್ಮ ಪುಸ್ತಕದಲ್ಲಿ ಬೀಳುತ್ತದೆ, ನಮ್ಮದರಲ್ಲಿ ಅಲ್ಲ. ಹಾಗಾಗಿ ಮಾಡೆಲಿಗೆ ಅದು ಕಾಣುವುದೂ ಇಲ್ಲ. ನಂತರ ಕೆಟ್ಟ ಕಾಲದ ಪರೀಕ್ಷೆ ಮಾಡಿದೆವು: ಇಂಧನ ದುಬಾರಿಯಾದರೆ? ಬೇಡಿಕೆ ಒಂದು ಕಡೆಗೆ ವಾಲಿದರೆ? ಒಂದು ಗೋದಾಮಿಗೆ ಬೆಂಕಿ ಬಿದ್ದರೆ, ರಸ್ತೆ ಕಡಿದುಹೋದರೆ? ಇಂಧನ ಏರಿದಾಗ ಮೂರೇ ಅಗ್ಗವಾಯಿತು. ಒಂದು ಗೋದಾಮು ನಿಂತುಹೋದಾಗ ಎರಡರ ಯೋಜನೆ ಅರ್ಧ ಗ್ರಾಹಕರನ್ನು ಕೈಬಿಟ್ಟಿತು, ಮೂರರದ್ದು ಕುಂಟುತ್ತಲಾದರೂ ನಡೆಯಿತು. ಆಡಳಿತ ಮಂಡಳಿ ಮೂರಕ್ಕೆ ಒಪ್ಪಿಗೆ ಕೊಟ್ಟಿತು.

ನಷ್ಟ ಯಾರಿಗೆ ಎಂಬುದನ್ನೂ ಹೇಳಿಬಿಡುತ್ತೇವೆ. ಗೋದಾಮು 2ಕ್ಕೆ ನಡೆದೇ ಬಂದು ಸರಕು ಒಯ್ಯುತ್ತಿದ್ದವರಿಗೆ ಈ ಬದಲಾವಣೆ ನಿಜಕ್ಕೂ ಅನನುಕೂಲ. ಅಲ್ಲಿ ಸಣ್ಣ ಪಿಕಪ್ ಕೌಂಟರ್ ಉಳಿಸಿಕೊಳ್ಳುತ್ತಿದ್ದೇವೆ. ದಾಸ್ತಾನು ಇರುವುದಿಲ್ಲ, ಹಿಂದಿನ ದಿನ ಮಧ್ಯಾಹ್ನ 3ರ ಒಳಗೆ ಆರ್ಡರ್ ಮಾಡಿದ್ದು ಬೆಳಿಗ್ಗೆ 8ಕ್ಕೆ ಬಂದಿರುತ್ತದೆ. ಗೋದಾಮು 5ರ ದೂರದ ಮಾರ್ಗದ ಗ್ರಾಹಕರಿಗೆ ಅಷ್ಟೂ ಆಗುವುದಿಲ್ಲ. ಅವರಿಗಾಗಿ ಯೋಚಿಸಿದ್ದು ಬೇರೆ ದಾರಿ: ಕೆಟ್ಟರೆ ಇಡೀ ಯಂತ್ರವೇ ನಿಲ್ಲುವಂಥ ಭಾಗಗಳ ಒಂದು ಪೆಟ್ಟಿಗೆಯನ್ನು ನಿಮ್ಮಲ್ಲೇ ಇಡುತ್ತೇವೆ, ತೆಗೆದು ಬಳಸಿದ್ದಕ್ಕೆ ಮಾತ್ರ ಬಿಲ್ಲು. ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ನೀವೇ ಹೇಳಬೇಕು. ಎರಡೂ ಗೋದಾಮುಗಳ ಸಿಬ್ಬಂದಿಗೆ ಉಳಿದ ಮೂರರಲ್ಲಿ ಕೆಲಸ ಇದೆ. ಕೌಂಟರಿನ ಪರಿಚಿತ ಮುಖಗಳು ಬೇರೆ ಕೌಂಟರಿನ ಹಿಂದೆ ಕಾಣಿಸುತ್ತವೆ.

ದರ ಇಳಿಯುತ್ತದೆಯೇ ಎಂದು ಹಲವರು ಕೇಳಿದ್ದೀರಿ. ಇಳಿಯುವುದಿಲ್ಲ. ಉಳಿತಾಯದ ಮೊದಲ ಪಾಲು ಸ್ಥಳಾಂತರದ ಖರ್ಚಿಗೇ ಹೋಗುತ್ತದೆ. ಆಮೇಲೆ ಉಳಿಯುವುದನ್ನು ಸಾಗಾಟ ಶುಲ್ಕ ಏರದಂತೆ ತಡೆಯಲು ಬಳಸುವ ಉದ್ದೇಶ ಇದೆ.

ಎರಡನ್ನೂ ಒಂದೇ ದಿನ ಮುಚ್ಚುವುದಿಲ್ಲ. ಮೊದಲು 5, ಆರು ವಾರ ಬಿಟ್ಟು 2. ಪ್ರತಿ ಸಲವೂ ಎರಡು ವಾರ ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯುತ್ತವೆ. ಕಪಾಟಿನಿಂದ ಕಪಾಟಿಗೆ ಸರಕು ಸಾಗುವಾಗ ಎಣಿಕೆ ತಪ್ಪುವುದು ಸಹಜ, ನಮ್ಮಲ್ಲೂ ತಪ್ಪುತ್ತದೆ. ಆ ಎರಡು ವಾರಗಳಲ್ಲಿ ದೊಡ್ಡ ಆರ್ಡರ್ ಇದ್ದರೆ ದಯವಿಟ್ಟು ಒಂದು ವಾರ ಮುಂಚೆ ಹಾಕಿ.

ಫಲಿತಾಂಶವನ್ನು ಪ್ರತಿ ತಿಂಗಳ ಬಿಲ್ಲಿನ ಹಿಂಬದಿಯಲ್ಲಿ ಅಚ್ಚು ಹಾಕಿಸುತ್ತೇವೆ: ಕೇಳಿದ್ದೆಲ್ಲವೂ, ಹೇಳಿದ ದಿನದೊಳಗೆ ತಲುಪಿದ ಆರ್ಡರ್ ನೂರಕ್ಕೆ ಎಷ್ಟು. ಹತ್ತರಲ್ಲಿ ಒಂಬತ್ತು ಐಟಂ ಬಂದು ಒಂದು ಉಳಿದರೆ ಅದು ತಲುಪದ ಆರ್ಡರ್ ಎಂದೇ ಲೆಕ್ಕ. ಸರಾಸರಿ ಒಂದನ್ನೇ ಕೊಡುವುದಿಲ್ಲ, ಏಕೆಂದರೆ ಗೋದಾಮು 1ರ ಪಕ್ಕದವರಿಗೆ ಬೇಗ ಸಿಕ್ಕಿದ್ದು ದೂರದವರು ಕಾದದ್ದನ್ನು ಮರೆಮಾಚುತ್ತದೆ. ಅತಿ ತಡವಾದ ಹತ್ತನೇ ಒಂದು ಭಾಗಕ್ಕೆ ಎಷ್ಟು ದಿನ ಹಿಡಿಯಿತು ಎಂಬುದೂ ಪಕ್ಕದಲ್ಲೇ ಇರುತ್ತದೆ.

ನಿಮ್ಮಿಂದ ಬೇಕಾದದ್ದು ಒಂದು ಸಣ್ಣ ಕೆಲಸ. ಈ ಪತ್ರದ ಜೊತೆಗಿನ ಹಾಳೆಯಲ್ಲಿ ನಿಮ್ಮ ಇಳಿಸುವ ವಿಳಾಸ ಮತ್ತು ಸರಕು ಇಳಿಸಿಕೊಳ್ಳುವ ಸಮಯವನ್ನು ಮುದ್ರಿಸಿದ್ದೇವೆ. ತಪ್ಪಿದ್ದರೆ ತಿದ್ದಿ ಚಾಲಕರ ಕೈಗೇ ಕೊಟ್ಟುಬಿಡಿ. ಗೇಟು ಕಿರಿದು, ದೊಡ್ಡ ಲಾರಿ ಒಳಗೆ ಬರುವುದಿಲ್ಲ ಎಂಬಂಥದ್ದು ಇದ್ದರೆ ಅದನ್ನೂ ಬರೆಯಿರಿ. ಹೊಸ ಮಾರ್ಗಗಳಲ್ಲಿ ಬರುವವರು ನಿಮ್ಮ ಹಳೆಯ ಚಾಲಕರಲ್ಲ, ಅವರಿಗೆ ಆ ಗೇಟಿನ ಪರಿಚಯ ಇರುವುದಿಲ್ಲ.

ಇಂತಿ,
ಸರಬರಾಜು ವಿಭಾಗದ ಪರವಾಗಿ,
ವ್ಯವಸ್ಥಾಪಕರು

ಮರೆತ ಮಾತು: ಗೋದಾಮು 2 ಮತ್ತು 5ರ ಹಳೆಯ ಫೋನ್ ಸಂಖ್ಯೆಗಳು ಒಂದು ವರ್ಷ ಚಾಲ್ತಿಯಲ್ಲಿರುತ್ತವೆ. ಕರೆ ಗೋದಾಮು 3ಕ್ಕೆ ಹೋಗುತ್ತದೆ. ಎತ್ತಿದವರಿಗೆ ಮೂರೂ ಗೋದಾಮುಗಳ ದಾಸ್ತಾನು ಒಂದೇ ಪರದೆಯ ಮೇಲೆ ಕಾಣುತ್ತದೆ.